ಪುಟಕ್ಕೆ ಯಾರು ಪ್ರಮಾಣ?

ಮೈಸೂರಿನಲ್ಲಿ ಕೂತು ಬೇರೆಯವರ ವೆಬ್‌ಸೈಟುಗಳನ್ನು ಗೂಗಲ್‌ನಲ್ಲಿ ಮೇಲಕ್ಕೆ ತರುವುದು ನನ್ನ ಕಸುಬು. ಎಸ್‌ಇಒ ಅಂತ ಹೆಸರು. ಹಲ್ಲಿನ ಡಾಕ್ಟರು, ಕೊಡಗಿನ ಹೋಂಸ್ಟೇ, ರೇಷ್ಮೆ ಸೀರೆಯ ಅಂಗಡಿ, ಒಂದೆರಡು ಸಣ್ಣ ಪ್ರಕಾಶನ ಸಂಸ್ಥೆಗಳು, ಇಂಥವರೇ ಗಿರಾಕಿಗಳು. ಅಪ್ಪ ಸಂಸ್ಕೃತ ಪಾಠಶಾಲೆಯಲ್ಲಿ ತರ್ಕ ಹೇಳಿಕೊಟ್ಟು ನಿವೃತ್ತರಾದವರು. ನ್ಯಾಯಶಾಸ್ತ್ರ ಓದಿದ ಮಾಧ್ವರು. ಎದುರು ಪಕ್ಷದ ವಾದವನ್ನು ಆ ಪಕ್ಷದವರಿಗಿಂತ ಚೆನ್ನಾಗಿ ಮಂಡಿಸಿ, ಆಮೇಲೆ ನಿಧಾನವಾಗಿ ಖಂಡಿಸುವ ಪೈಕಿ. ಮಗಳು ಏನು ಮಾಡಿ ಸಂಪಾದಿಸುತ್ತಾಳೆ ಎಂದು ಅವರು ಕೇಳಿದ್ದಕ್ಕೆ ಕೊಟ್ಟ ಉತ್ತರ ಇನ್ನೂ ಮುಗಿದಿಲ್ಲ. ಊಟದ ಹೊತ್ತಿಗೆ ಶುರುವಾದರೆ ಅಮ್ಮ ಎದ್ದು ಹೋಗುವವರೆಗೂ ನಡೆಯುತ್ತದೆ.

ಅವರ ಪ್ರಪಂಚದ ಹಳೆಯ ಜಗಳವೊಂದು ನನ್ನ ಕೆಲಸದ ಒಳಗೇ ಕೂತಿದೆ. ನಮಗೆ ಒಂದು ಜ್ಞಾನ ಬಂತು, ಅದು ನಿಜ ಎಂದು ಗೊತ್ತಾಗುವುದು ಹೇಗೆ? ತಾನಾಗಿಯೇ ಗೊತ್ತಾಗುತ್ತದೆ, ಸುಳ್ಳೆಂದು ತೋರಿಸುವ ಕಾರಣ ಎದುರಾಗುವವರೆಗೆ ಅದು ನಿಜವೇ ಎನ್ನುವವರು ಮೀಮಾಂಸಕರು. ಇದು ಸ್ವತಃಪ್ರಾಮಾಣ್ಯ. ಇಲ್ಲ, ಬೇರೊಂದು ಆಧಾರ ಬಂದು ಹೌದೆನ್ನಬೇಕು ಎನ್ನುವವರು ನೈಯಾಯಿಕರು. ಅದು ಪರತಃಪ್ರಾಮಾಣ್ಯ. ಮಿಥಿಲೆಯ ಗಂಗೇಶ ಹದಿನಾಲ್ಕನೇ ಶತಮಾನದಲ್ಲಿ ತತ್ತ್ವಚಿಂತಾಮಣಿ ಬರೆದು ನ್ಯಾಯದ ಪಕ್ಷಕ್ಕೆ ಕೋಟೆ ಕಟ್ಟಿದ. ವಿಜಯನಗರದ ಕಾಲದ ನಮ್ಮ ವ್ಯಾಸತೀರ್ಥರು ತರ್ಕತಾಂಡವ ಬರೆದು ಆ ಕೋಟೆಗೆ ಲಗ್ಗೆ ಹಾಕಿದರು. ಅಪ್ಪ ಈ ಎರಡು ಪುಸ್ತಕಗಳ ನಡುವೆಯೇ ಆಯುಷ್ಯ ಕಳೆದಿದ್ದಾರೆ.

ಗೂಗಲ್ ಬರುವ ಮೊದಲು ಹುಡುಕುವ ಯಂತ್ರಗಳು ಹೆಚ್ಚಾಗಿ ಪುಟದ ಮಾತನ್ನೇ ನಂಬುತ್ತಿದ್ದವು. 1995ರಲ್ಲಿ ಬಂದ ಆಲ್ಟಾವಿಸ್ಟಾದ ಕಾಲದಲ್ಲಿ ಒಂದು ಪುಟ ಯಾವುದರ ಬಗ್ಗೆ ಎಂದು ತಿಳಿಯಲು ಆ ಪುಟದಲ್ಲಿರುವ ಪದಗಳನ್ನು ನೋಡುವುದೇ ಮುಖ್ಯ ದಾರಿ. ಜನ ಬಿಡುತ್ತಾರೆಯೇ? ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ‘ಹೋಟೆಲ್ ಹೋಟೆಲ್ ಹೋಟೆಲ್’ ಎಂದು ತುಂಬಿಸಿದರು. ಓದುವವನಿಗೆ ಕಾಣದು, ಯಂತ್ರಕ್ಕೆ ಕಾಣುತ್ತದೆ. ಇದನ್ನೇ ಸ್ವತಃಪ್ರಾಮಾಣ್ಯದ ಗತಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಹಾಗಲ್ಲ. ಸ್ವತಃ ಎಂಬುದು ತಿಳಿಯುವವನೊಳಗೆ ಹುಟ್ಟಿದ ಜ್ಞಾನದ ವಿಚಾರ. ಅಂಗಡಿಯವನು ತನ್ನ ಸರಕನ್ನು ತಾನೇ ಹೊಗಳಿಕೊಳ್ಳುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಹೊಗಳಿಕೆ ಕೇಳಿದವನ ತಿಳಿವಿಗೆ ಆ ಹೊಗಳಿಕೆಯೇ ದೋಷ ತಂದಿದೆ, ಅಷ್ಟೆ.

1996ರ ಸುಮಾರಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಪುಟದ ಮಾತನ್ನು ಬಿಟ್ಟು ಊರಿನ ಮಾತು ಕೇಳಿದರು. ಯಾವ ಪುಟದ ಕಡೆಗೆ ಬೇರೆ ಪುಟಗಳು ಕೊಂಡಿ ಹಾಕಿವೆ? ಹಾಕಿದವರು ಎಂಥವರು? ವಿಜ್ಞಾನಿಗಳ ಲೋಕದಲ್ಲಿ ಈ ಎಣಿಕೆ ಆಗಲೇ ಇತ್ತು. ಯಾರ ಪ್ರಬಂಧವನ್ನು ಯಾರು ಉಲ್ಲೇಖಿಸಿದರೆಂದು ಲೆಕ್ಕವಿಡುವ ಸೈನ್ಸ್ ಸೈಟೇಶನ್ ಇಂಡೆಕ್ಸನ್ನು ಯುಜೀನ್ ಗಾರ್ಫೀಲ್ಡ್ 1964ರಲ್ಲೇ ಹೊರತಂದಿದ್ದ. ಪೇಜ್ ಅದನ್ನು ವೆಬ್ಬಿಗೆ ತಂದು ಒಂದು ತಿರುವು ಕೊಟ್ಟ: ಎಲ್ಲರ ಸಾಕ್ಷಿಗೂ ಒಂದೇ ತೂಕವಿಲ್ಲ, ತೂಕವಿರುವ ಪುಟದ ಸಾಕ್ಷಿಗೆ ಹೆಚ್ಚು ತೂಕ. ಪೇಜ್‌ರ‍್ಯಾಂಕ್ ಎಂದು ಹೆಸರಾಯಿತು. ಪುಟದ ಹೆಸರೂ ಹೌದು, ಅವನ ಹೆಸರೂ ಹೌದು.

ಇಷ್ಟು ಹೇಳುವಷ್ಟರಲ್ಲಿ ಅಪ್ಪ ಅನ್ನದ ಮೇಲಿಂದ ಕೈ ಎತ್ತಿದ್ದರು. “ಸರಿ, ನೈಯಾಯಿಕರು ಅನ್ನು. ಆ ದೊಡ್ಡ ಪುಟ ದೊಡ್ಡದು ಅಂತ ಯಾರು ಹೇಳಿದ್ದು?”

“ಅದಕ್ಕೆ ಕೊಂಡಿ ಕೊಟ್ಟ ಬೇರೆ ದೊಡ್ಡ ಪುಟಗಳು.”

“ಅವು ದೊಡ್ಡವು ಅಂತ?”

ಇದು ಅನವಸ್ಥೆ. ಸಾಕ್ಷಿಗೆ ಸಾಕ್ಷಿ, ಆ ಸಾಕ್ಷಿಗೆ ಇನ್ನೊಂದು ಸಾಕ್ಷಿ, ಎಲ್ಲೂ ನಿಲ್ಲುವುದಿಲ್ಲ. ‘ಅ’ ಪುಟ ‘ಆ’ ಪುಟವನ್ನು ಹೊಗಳಿ, ‘ಆ’ ಪುಟ ತಿರುಗಿ ‘ಅ’ ಪುಟವನ್ನು ಹೊಗಳಿದರೆ ಅನ್ಯೋನ್ಯಾಶ್ರಯ, ಅದೂ ದೋಷವೇ. ಸಾವಿರ ವರ್ಷದಿಂದ ನೈಯಾಯಿಕರ ಮೇಲೆ ಎತ್ತುತ್ತಿರುವ ಆಕ್ಷೇಪ. ಪೇಜ್ ಮತ್ತು ಬ್ರಿನ್ ಇದಕ್ಕೆ ಕೊಟ್ಟ ಉತ್ತರ ನನಗೆ ಇವತ್ತಿಗೂ ಸೋಜಿಗ. ಮೊದಲು ಎಲ್ಲ ಪುಟಗಳಿಗೂ ಸಮನಾದ ಅಂಕ ಕೊಡು. ಪ್ರತಿ ಪುಟವೂ ತನ್ನ ಅಂಕವನ್ನು ತಾನು ಕೊಂಡಿ ಹಾಕಿದ ಪುಟಗಳಿಗೆ ಹಂಚಲಿ. ಬಂದ ಹೊಸ ಅಂಕವನ್ನು ಮತ್ತೆ ಹಂಚು. ಮತ್ತೆ, ಮತ್ತೆ. ಕೊನೆಗೊಂದು ಸುತ್ತಿನಲ್ಲಿ ಅಂಕಗಳು ಅಲುಗಾಡುವುದೇ ನಿಂತುಹೋಗುತ್ತದೆ. 32 ಕೋಟಿಗೂ ಹೆಚ್ಚು ಕೊಂಡಿಗಳ ಜಾಲದಲ್ಲಿ ಸುಮಾರು 52 ಸುತ್ತಿಗೇ ಲೆಕ್ಕ ನೆಲೆ ನಿಂತಿತೆಂದು ಅವರೇ ಬರೆದಿದ್ದಾರೆ. ತಾರ್ಕಿಕರು ಶತಮಾನಗಟ್ಟಲೆ ಹೆದರಿದ ಅನವಸ್ಥೆ 52ಕ್ಕೆ ಮುಗಿಯಿತು! ಅಪ್ಪನಿಗೆ ಹೆಮ್ಮೆಯಿಂದಲೇ ಹೇಳಿದೆ.

“ನಿಂತಿತು ಅಂದ್ರೆ ನಿಜ ಆಯ್ತೇನಮ್ಮ?” ಎಂದು ಮಜ್ಜಿಗೆ ಬಡಿಸಿಕೊಂಡರು.

ಆ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅದನ್ನು ಕೇಳಿ ಮಾತ್ರ ಅವರು ತಲೆದೂಗಿದರು. ವೆಬ್ಬಿನಲ್ಲಿ ಗೊತ್ತುಗುರಿಯಿಲ್ಲದೆ ಅಲೆಯುವ ಒಬ್ಬ ಓದುಗನನ್ನು ಕಲ್ಪಿಸಿಕೊಳ್ಳಬೇಕು. ನೂರಕ್ಕೆ 85 ಸಲ ಅವನು ಮುಂದಿರುವ ಕೊಂಡಿಯೊಂದನ್ನು ಹಿಡಿದು ಹೋಗುತ್ತಾನೆ. ಉಳಿದ 15 ಸಲ ಬೇಸರ ಬಂದು, ಎಲ್ಲಿಗೆ ಬೇಕಾದರೂ ನೆಗೆಯುತ್ತಾನೆ. ಆ ನೆಗೆತದಿಂದಾಗಿ ಯಾರೂ ಸಾಕ್ಷಿ ಹೇಳದ ಅನಾಥ ಪುಟಕ್ಕೂ ಒಂದಿಷ್ಟು ಅಂಕ ಸಿಗುತ್ತದೆ. ಪೂರ್ತಿ ಪರತಃ ಎಂದು ಹೊರಟ ಯಂತ್ರ, ಲೆಕ್ಕ ಕೂಡಲಿಕ್ಕಾದರೂ, ಇರುವುದೆಲ್ಲಕ್ಕೂ ಇದ್ದಮಾತ್ರಕ್ಕೆ ಒಂದು ಪಾಲು ಕೊಡಬೇಕಾಯಿತು.

ಸಾಕ್ಷಿಗೆ ಬೆಲೆ ಬಂದಮೇಲೆ ಸಾಕ್ಷಿ ಮಾರಾಟಕ್ಕೂ ಬಂತು. ಇಷ್ಟು ಹಣಕ್ಕೆ ಐನೂರು ಬ್ಯಾಕ್‌ಲಿಂಕ್ ಎಂಬ ಮೇಲ್ ನನ್ನ ಗಿರಾಕಿಗಳಿಗೆ ದಿನಾ ಬರುತ್ತದೆ. ಬರೀ ಒಬ್ಬರಿಗೊಬ್ಬರು ಕೊಂಡಿ ಹಾಕಿಕೊಳ್ಳಲೆಂದೇ ಹುಟ್ಟಿದ ಸಾವಿರಾರು ಪುಟಗಳಿವೆ. ಅವನ್ನು ಮನುಷ್ಯರು ಯಾರೂ ಓದುವುದಿಲ್ಲ. 2003ರಲ್ಲಿ ಕೆಲವರು ಸೇರಿ ‘ದಯನೀಯ ಸೋಲು’ ಎಂಬರ್ಥದ ಇಂಗ್ಲಿಷ್ ಮಾತಿಗೆ ಅಧ್ಯಕ್ಷ ಜಾರ್ಜ್ ಬುಷ್ ಅವರ ಪರಿಚಯದ ಪುಟವನ್ನು ಕೊಂಡಿ ಹಾಕಿ ಮೊದಲ ಸ್ಥಾನಕ್ಕೆ ತಂದರು. ಆ ಪುಟದಲ್ಲಿ ಆ ಮಾತೇ ಇರಲಿಲ್ಲ. ಊರೆಲ್ಲ ಒಂದೇ ಮಾತಾಡಿದ್ದೇ ಸಾಕಾಯಿತು. ಗೂಗಲ್ ಅದನ್ನು ಸರಿಪಡಿಸಿದ್ದು 2007ರಲ್ಲಿ. ಕೊಂಡ ಕೊಂಡಿಗಳನ್ನು ಹಿಡಿದು ದಂಡಿಸುವ, ಪೆಂಗ್ವಿನ್ ಎಂಬ ಗೂಗಲ್‌ನ ವ್ಯವಸ್ಥೆ ಬಂದದ್ದು 2012ರ ಏಪ್ರಿಲ್‌ನಲ್ಲಿ. ಅವತ್ತಿನಿಂದ ನಮ್ಮ ಕಸುಬಿನವರಲ್ಲಿ ಕೆಲವರು ಬೇರೆ ಕೆಲಸ ಹುಡುಕಿಕೊಂಡರು, ಕೆಲವರು ಹೆಚ್ಚು ಜಾಣರಾದರು.

ನೈಯಾಯಿಕರ ಬತ್ತಳಿಕೆಯಲ್ಲಿ ಇನ್ನೊಂದು ಬಾಣವಿದೆ, ಅದು ಗೂಗಲ್ ಹತ್ತಿರವೂ ಇದೆ. ದೂರದಲ್ಲಿ ನೀರು ಕಂಡಿತು. ಅದು ನೀರೋ ಬಿಸಿಲ್ಗುದುರೆಯೋ? ಹೋಗಿ ಕುಡಿ, ಬಾಯಾರಿಕೆ ಹೋದರೆ ಕಂಡದ್ದು ನಿಜ. ಪ್ರವೃತ್ತಿ ಫಲಿಸಿದರೆ ಪ್ರಾಮಾಣ್ಯ ಸಿದ್ಧ. ಗೂಗಲ್ ನೋಡುವುದೂ ಇದನ್ನೇ: ಹುಡುಕಿದವನು ಯಾವ ಫಲಿತಾಂಶ ಒತ್ತಿದ, ಅಲ್ಲೇ ಉಳಿದನೋ ತಕ್ಷಣ ಹಿಂದೆ ಬಂದು ಮುಂದಿನದನ್ನು ಒತ್ತಿದನೋ? ಬಹಳ ಕಾಲ ಹೊರಗೆ ಬಾರದ ಈ ಸಂಗತಿ 2023ರಲ್ಲಿ ಅಮೆರಿಕದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ ಸ್ಪಷ್ಟವಾಯಿತು. ಗೂಗಲ್‌ನ ಪಾಂಡು ನಾಯಕ್ ಸಾಕ್ಷಿಕಟ್ಟೆಯಲ್ಲಿ ನ್ಯಾವ್‌ಬೂಸ್ಟ್ ಎಂಬ, ಕ್ಲಿಕ್ಕುಗಳಿಂದ ಕಲಿಯುವ ವ್ಯವಸ್ಥೆಯ ಬಗ್ಗೆ ಹೇಳಿದರು. ಆದರೆ ಅಪ್ಪನ ಗುರುಪರಂಪರೆ ಇಲ್ಲೂ ಬಿಡುವುದಿಲ್ಲ. ಬಾಯಾರಿಕೆ ಹೋಯಿತೆಂಬ ಜ್ಞಾನ ನಿಜವೆಂದು ಹೇಗೆ ಗೊತ್ತಾಯಿತು? ಕನಸಿನಲ್ಲೂ ನೀರು ಕುಡಿದು ತಣಿಯುತ್ತೇವಲ್ಲ. ಎಲ್ಲಾದರೂ ಒಂದು ಕಡೆ, ಇದು ನನಗೆ ಗೊತ್ತು ಎಂದು ಒಳಗಿನಿಂದಲೇ ನಿಲ್ಲಬೇಕು. ಆ ನಿಲ್ಲುವ ಶಕ್ತಿಗೆ ಮಧ್ವರು ಸಾಕ್ಷಿ ಎನ್ನುತ್ತಾರೆ: ಪ್ರತಿಯೊಬ್ಬ ಜೀವನೊಳಗಿರುವ, ಮೋಸಹೋಗದ ತಿಳಿವು. ಹೊರಗಿನ ಪರೀಕ್ಷೆಗೆ ಅಲ್ಲಿರುವ ಕೆಲಸ ಸಂಶಯ ತೆಗೆಯುವುದು ಮಾತ್ರ. ಪರೀಕ್ಷೆ ಪ್ರಾಮಾಣ್ಯವನ್ನು ಹುಟ್ಟಿಸುವುದಿಲ್ಲ, ಅಡ್ಡ ನಿಂತದ್ದನ್ನು ಸರಿಸುತ್ತದೆ.

ನನ್ನ ಕಸುಬಿನ ಬಗ್ಗೆ ನನಗಿರುವ ಅಲ್ಪಸ್ವಲ್ಪ ನಂಬಿಕೆ ಈ ಮಾತಿನ ಮೇಲೆ ನಿಂತಿದೆ. ಜ್ಞಾನ ನಿಜವಾಗಲು ಅದಕ್ಕೊಂದು ಗುಣ ಹೊರಗಿನಿಂದ ಸೇರಬೇಕು ಎಂಬುದು ನ್ಯಾಯದ ಮತ. ಏನೂ ಸೇರಬೇಕಿಲ್ಲ, ದೋಷ ಇಲ್ಲದಿದ್ದರೆ ಸಾಕು ಎಂಬುದು ಎದುರು ಮತ. ಎಸ್‌ಇಒ ಮಾಡುವವರಲ್ಲೂ ಇವೇ ಎರಡು ಪಂಗಡ. ಪುಟಕ್ಕೆ ಇಲ್ಲದ ಗುಣ ತಂದು ಅಂಟಿಸುವವರು ಒಂದು ಕಡೆ. ಇರುವ ದೋಷ ತೆಗೆಯುವವರು ಇನ್ನೊಂದು ಕಡೆ. ನಾನು ಎರಡನೆಯ ಪಂಗಡ ಎಂದುಕೊಂಡಿದ್ದೇನೆ.

ದೋಷ ಅಂದರೆ ಎಂಥದು ಎಂದು ಕೇಳಿದರೆ ಒಬ್ಬ ಪ್ರಕಾಶಕರ ಸೈಟ್ ನೆನಪಾಗುತ್ತದೆ. ಹಳೇ ಮೈಸೂರು ಸೀಮೆಯ ಜಾತ್ರೆ, ಹಾಡು, ಆಚರಣೆಗಳ ಮೇಲೆ ಒಳ್ಳೊಳ್ಳೆಯ ಲೇಖನಗಳು, ನೂರಾರು. ಯಾವುದನ್ನು ಹುಡುಕಿದರೂ ಒಂದೂ ಸಿಗುತ್ತಿರಲಿಲ್ಲ. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ. ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡ್‌ನಲ್ಲಿ ಹಾಕಿ ನೋಡಿದೆ: ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಮೆರವಣಿಗೆ. ಎಲ್ಲ ಹಳೆಯ ನುಡಿ ಫಾಂಟಿನದು. ಯೂನಿಕೋಡ್ ಅಲ್ಲದ ಆ ಪದ್ಧತಿಯಲ್ಲಿ ಫೈಲಿನೊಳಗೆ ಕನ್ನಡವೇ ಇರುವುದಿಲ್ಲ, ಫಾಂಟು ಆ ಸಂಕೇತಗಳ ಮೇಲೆ ಕನ್ನಡದ ಆಕಾರ ಬರೆದು ತೋರಿಸುತ್ತದೆ. ನಮ್ಮ ಕಣ್ಣಿಗೆ ಲೇಖನ, ಯಂತ್ರಕ್ಕೆ ಗೊಣಗಾಟ. ಕನ್ವರ್ಟರಿಗೆ ಹಾಕಿದರೆ ಮುಗಿಯಿತು ಎನ್ನುವಂತಿಲ್ಲ. ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಅವರು ಮೊದಲೊಮ್ಮೆ ಯಾರಿಂದಲೋ ಮಾಡಿಸಿದ್ದ ಕೆಲವು ಪುಟಗಳಲ್ಲಿ ಅದು ಹಿಂದುಮುಂದಾಗಿ ಕರ್ನಾಟಕ ‘ಕನಾರ್ಟಕ’ ಆಗಿತ್ತು, ಧರ್ಮ ‘ಧಮರ್’ ಆಗಿತ್ತು. ಧಮರ್ ಎಂದು ಹುಡುಕುವ ಮುಮುಕ್ಷು ಯಾರೂ ಇಲ್ಲ. ಇನ್ನು ಕೆಲವು ಕಡೆ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತಿದ್ದರು. ಎರಡೂ ನೋಡಲು ಒಂದೇ ದುಂಡಗೆ, ಯಂತ್ರಕ್ಕೆ ಬೇರೆ ಬೇರೆ. ಅದನ್ನೆಲ್ಲ ಕೂತು ತಿದ್ದಿದೆವು. ಸೈಟಿನ ರೋಬೋಟ್ಸ್ ಫೈಲಿನಲ್ಲಿ ಗೂಗಲ್ ಒಳಗೆ ಬರಬಾರದೆಂದು ಯಾರೋ ಬರೆದಿಟ್ಟ ಒಂದು ಸಾಲನ್ನೂ ಅಳಿಸಿದೆವು. ಪ್ರತಿ ಪುಟಕ್ಕೂ ಅದರದೇ ಶೀರ್ಷಿಕೆ ಕೊಟ್ಟೆವು. ಮೊದಲು ಎಲ್ಲಕ್ಕೂ ‘ಮುಖಪುಟ’ ಎಂದೇ ಇತ್ತು. ಲೇಖನದಲ್ಲಿ ಒಂದು ಪದವನ್ನೂ ಹೊಸದಾಗಿ ಸೇರಿಸಲಿಲ್ಲ, ಒಂದು ಕೊಂಡಿಯನ್ನೂ ಕೊಳ್ಳಲಿಲ್ಲ. ಕೆಲವು ತಿಂಗಳಲ್ಲಿ ಜಾತ್ರೆಗಳ ಹೆಸರು ಹಾಕಿದರೆ ಆ ಪುಟಗಳು ಮೇಲೆ ಬರತೊಡಗಿದವು.

ಆದರೆ ಇದೇ ತರ್ಕ ಹೋಂಸ್ಟೇಗೆ ನಡೆಯುವುದಿಲ್ಲ. ಆ ಜಾತ್ರೆಗಳ ಬಗ್ಗೆ ಬೇರೆ ಯಾರೂ ಬರೆದಿರಲಿಲ್ಲ, ಹಾಗಾಗಿ ನಿರ್ದೋಷವಾಗಿದ್ದದ್ದೇ ಸಾಕಾಯಿತು. ಮಡಿಕೇರಿ ಹೋಂಸ್ಟೇ ಎಂದು ಹುಡುಕಿದರೆ ನಿರ್ದೋಷ ಪುಟಗಳ ಸಾಲೇ ಇದೆ, ಅವುಗಳ ಮೇಲೆ ದೊಡ್ಡ ಬುಕಿಂಗ್ ಕಂಪನಿಗಳು ಕೂತಿವೆ. ನಲವತ್ತನೆಯ ಜಾಗದಲ್ಲಿರುವ ಮನೆಯ ಕಾಫಿ ಒಂದನೆಯ ಜಾಗದವರದಕ್ಕಿಂತ ಚೆನ್ನಾಗಿರಬಹುದು. ನಾನು ಕುಡಿದಿದ್ದೇನೆ, ಚೆನ್ನಾಗಿದೆ. ಅದರಿಂದ ಅವರಿಗೇನೂ ಬಂದಿಲ್ಲ. ಪ್ರಾಮಾಣ್ಯದ ಚರ್ಚೆ ಜ್ಞಾನ ನಿಜವೋ ಅಲ್ಲವೋ ಎಂಬುದರ ಬಗ್ಗೆ. ಹತ್ತು ನಿಜಗಳಲ್ಲಿ ಯಾವುದನ್ನು ಮೊದಲು ತೋರಿಸಬೇಕೆಂಬ ಪ್ರಶ್ನೆ ಗಂಗೇಶನಿಗೂ ಬರಲಿಲ್ಲ, ವ್ಯಾಸತೀರ್ಥರಿಗೂ ಬರಲಿಲ್ಲ. ಈ ವಿಷಯದಲ್ಲಿ ಅಪ್ಪನ ಪುಸ್ತಕಗಳು ಸುಮ್ಮನಿವೆ, ಅಪ್ಪ ಮಾತ್ರ ಸುಮ್ಮನಿಲ್ಲ. “ಯಾಕೆ ಒಂದನೇದು ಇರ್ಲೇಬೇಕು? ದಿನಕ್ಕೊಂದು ತೋರಿಸ್ಲಿ” ಎನ್ನುತ್ತಾರೆ. ಹುಡುಕುವವನು ಮೊದಲ ಕೆಲವನ್ನು ದಾಟಿ ಕೆಳಗಿಳಿಯುವುದು ಅಪರೂಪ ಎಂದರೆ, ಹಾಗಾದರೆ ದೋಷ ಪುಟದ್ದಲ್ಲ ಎನ್ನುತ್ತಾರೆ.

2024ರ ಆಗಸ್ಟ್‌ನಿಂದ ನಮ್ಮ ದೇಶದಲ್ಲೂ ಗೂಗಲ್ ಎಷ್ಟೋ ಪ್ರಶ್ನೆಗಳಿಗೆ ಪುಟಗಳ ಪಟ್ಟಿಗಿಂತ ಮೊದಲು ತಾನೇ ಉತ್ತರ ಬರೆದು ಕೊಡುತ್ತಿದೆ. ಎಐ ಓವರ್‌ವ್ಯೂ ಎನ್ನುತ್ತಾರೆ. ಅಪ್ಪನಿಗೆ ತೋರಿಸಿದಾಗ, ಇದನ್ನು ಹೇಳುತ್ತಿರುವವರು ಯಾರು ಎಂದು ಕೇಳಿದರು. ಯಾರೂ ಅಲ್ಲ ಅಂದೆ.

“ಓಹೋ, ಅಪೌರುಷೇಯ!”

ತಮಾಷೆಗೇ ಅಂದದ್ದು. ಆದರೂ ಆ ಮಾತು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ವೇದಕ್ಕೆ ಕರ್ತೃ ಇಲ್ಲ, ಕರ್ತೃ ಇಲ್ಲದ್ದರಿಂದ ಕರ್ತೃವಿನ ಭ್ರಮೆ, ಮೋಸ, ಮೈಮರೆವು ಅದಕ್ಕೆ ತಗಲುವುದಿಲ್ಲ ಎಂಬುದು ಮೀಮಾಂಸಕರ, ವೇದಾಂತಿಗಳ ವಾದ. ಪರದೆಯ ಮೇಲಿನ ಆ ಉತ್ತರವೂ ಅದೇ ಗತ್ತಿನಲ್ಲಿ ಮಾತಾಡುತ್ತದೆ, ಹೇಳಿದವರಿಲ್ಲದ ಮಾತಿನ ಗತ್ತಿನಲ್ಲಿ. ಅಮೆರಿಕದಲ್ಲಿ ಅದು ಬಂದ ಹೊಸತರಲ್ಲೇ, 2024ರ ಮೇ ತಿಂಗಳಲ್ಲಿ, ಪಿಜ್ಜಾದ ಚೀಸ್ ಜಾರದಿರಲು ಅಂಟು ಬೆರೆಸಿ ಎಂದು ಸಲಹೆ ಕೊಟ್ಟಿತು. ಅಪೌರುಷೇಯವೇನಲ್ಲ, ವರ್ಷಗಳ ಹಿಂದೆ ರೆಡಿಟ್‌ನಲ್ಲಿ ಯಾರೋ ಒಬ್ಬ ಪುರುಷ ಮಾಡಿದ್ದ ತಮಾಷೆ. ಅವನ ಹೆಸರು ಕಂಡಿದ್ದರೆ ಓದಿದವರು ನಕ್ಕು ಮುಂದೆ ಹೋಗುತ್ತಿದ್ದರು.

ಹಾಗಾಗಿ ಈಗ ನಾನು ಮಾಡಿಸುವ ಪುಟಗಳಲ್ಲಿ ಬರೆದವರ ಹೆಸರು, ಅವರ ಕಸುಬು, ಬರೆದ ತಾರೀಕು ಇರಲೇಬೇಕೆಂದು ಹಟ ಮಾಡುತ್ತೇನೆ. ಗೂಗಲ್ ತನ್ನ ಪರೀಕ್ಷಕರಿಗೆ ಕೊಡುವ ಕೈಪಿಡಿಯಲ್ಲಿ ಬರೆದವರ ಅನುಭವ, ಪರಿಣತಿ ನೋಡಿ ಎಂದಿದೆ. ಗಿರಾಕಿಗಳಿಗೆ ನಾನು ಹೇಳುವ ಕಾರಣ ಅದು. ಹಲ್ಲಿನ ಡಾಕ್ಟರು ಖುಷಿಯಿಂದ ಫೋಟೊ ಸಮೇತ ಕೊಟ್ಟರು. ಹೋಂಸ್ಟೇಯ ಅಡುಗೆಯ ಪುಟ ಬರೆದಿದ್ದು ಆ ಮನೆಯ ಅತ್ತೆ, ಅವರಿಗೆ ಹೆಸರು ಹಾಕುವುದು ಬೇಡ. ಪಂದಿ ಕರಿಗೆ ಕಾಚಂಪುಳಿ ಎಷ್ಟು ಹಾಕಬೇಕೆಂದು ಹೇಳಲು ನಾನ್ಯಾರು, ಎಲ್ಲರ ಮನೆಯಲ್ಲೂ ಮಾಡುತ್ತಾರೆ ಅನ್ನುತ್ತಾರೆ. ಮಗ ಒಪ್ಪಿಸುತ್ತೇನೆ ಎಂದಿದ್ದಾನೆ. ಸದ್ಯಕ್ಕೆ ಆ ಪುಟ ಹೆಸರಿಲ್ಲದೆಯೇ ಇದೆ.