ಬೆಲೆಯೂ ಬೆಲೆಗಟ್ಟುವವನೂ

ಒಂದು ವಸ್ತುವಿಗೆ ಬೆಲೆ ಬರುವುದು ಅದರ ಗುಣದಿಂದಲೋ, ವಿರಳತೆಯಿಂದಲೋ, ಅಥವಾ ಕೊಳ್ಳುವವನ ಆಸೆಯಿಂದಲೋ? ಚೀನದೇಶದ ಪ್ರಾಜ್ಞರು ಈ ಪ್ರಶ್ನೆಯನ್ನು ತಮಗೆ ಪ್ರಿಯವಾದ ಜೇಡ್ ಶಿಲೆಯನ್ನು ಮುಂದಿಟ್ಟುಕೊಂಡೇ ವಿಚಾರಮಾಡಿದರು. 'ಲೀ-ಚೀ' ಎಂಬ ಅವರ ಆಚಾರಗ್ರಂಥದಲ್ಲಿ ತ್ಸು-ಕುಂಗನೆಂಬ ಶಿಷ್ಯನು ಕನ್‌ಫ್ಯೂಷಿಯಸನನ್ನು ಕೇಳುವನು: ಸತ್ಪುರುಷರು ಜೇಡನ್ನು ಆದರಿಸಿ, ಅದರಂತೆಯೇ ತೋರುವ ಸಾಮಾನ್ಯಶಿಲೆಯನ್ನು ಕಡೆಗಣಿಸುವುದೇಕೆ, ಒಂದು ವಿರಳ, ಮತ್ತೊಂದು ಹೇರಳ ಎಂತಲೇ? ಗುರುವು ಇದನ್ನೊಪ್ಪಲಿಲ್ಲ. ಜೇಡಿನ ನುಣುಪಿನಲ್ಲಿ ದಯೆಯನ್ನೂ, ಗಟ್ಟಿತನದಲ್ಲಿ ವಿವೇಕವನ್ನೂ, ತನ್ನ ಕುಂದನ್ನು ಮರೆಮಾಡದಿರುವ ಸ್ವಭಾವದಲ್ಲಿ ನಿಷ್ಠೆಯನ್ನೂ ಹಿರಿಯರು ಕಂಡರೆಂದು ಆತನು ತಿಳಿಸಿದನು.

ಗುಣದಿಂದಲೇ ಬೆಲೆ ಎಂಬ ಈ ಉತ್ತರವು ಉದಾತ್ತವಾದುದೇನೋ ಸರಿ. ಆದರೆ ಗುಣವನ್ನು ಕಾಣುವ ಕಣ್ಣು ಎಲ್ಲರಿಗೂ ಇರುವುದಿಲ್ಲ. ಛೂ ರಾಜ್ಯದ ಪಿಯೆನ್-ಹೋ ಎಂಬವನ ಕಥೆಯನ್ನು ಹಾನ್-ಫೈ ಎಂಬ ಗ್ರಂಥಕಾರನು ಹೇಳಿರುವನು. ಇವನು ಬೆಟ್ಟದಲ್ಲಿ ಸಿಕ್ಕಿದ ಒರಟುಕಲ್ಲೊಂದನ್ನು ಅರಸನಿಗೆ ಕಾಣಿಕೆಯಿತ್ತನು. ಪರೀಕ್ಷಕರು ಅದನ್ನು ಬರಿಯ ಕಲ್ಲೆಂದರು. ವಂಚಕನೆಂದು ಇವನ ಒಂದು ಪಾದವನ್ನು ಕಡಿಸಲಾಯಿತು. ಮುಂದಿನ ಅರಸನ ಕಾಲದಲ್ಲಿ ಮತ್ತೊಂದು ಪಾದವೂ ಹೋಯಿತು. ಮೂರನೆಯವನು ಕಲ್ಲನ್ನು ಉಜ್ಜಿಸಿ ನೋಡಲು, ಒಳಗೆ ಅಮೂಲ್ಯವಾದ ಜೇಡ್ ಹೊಳೆಯಿತು. ಕ್ರಿ. ಪೂ. 283ರಲ್ಲಿ ಅದೇ ರತ್ನಕ್ಕೆ ಬದಲಾಗಿ ಚಿನ್ ದೇಶದ ಅರಸನು ಚಾವೋ ದೇಶಕ್ಕೆ ಹದಿನೈದು ಪಟ್ಟಣಗಳನ್ನು ಕೊಡುವೆನೆಂದನು! ಕಲ್ಲು ಬದಲಾಗಿರಲಿಲ್ಲ, ನೋಡುವವರು ಬದಲಾಗಿದ್ದರು.

ಮುಂದಿನ ಚರಿತ್ರೆಯೂ ಇದಕ್ಕೆ ಸಾಕ್ಷಿ. ಚೀನರು ಅನಾದಿಯಿಂದ ಮೆಚ್ಚಿದ್ದುದು ಖೋತಾನದ ನದಿಗಳಲ್ಲಿ ದೊರೆಯುವ ಜೇಡನ್ನು. 1724ರಿಂದ 1805ರ ವರೆಗೆ ಬಾಳಿದ ಚೀ-ಯೂನ್ ಎಂಬ ವಿದ್ವಾಂಸನು ಒಂದು ಸಂಗತಿಯನ್ನು ಬರೆದಿಟ್ಟಿರುವನು: ಯುನ್ನಾನಿನ ಮಾರ್ಗವಾಗಿ ಬರುತ್ತಿದ್ದ ಹಸಿರುಶಿಲೆಯನ್ನು ತನ್ನ ಎಳೆತನದಲ್ಲಿ ಯಾರೂ ಜೇಡೆಂದು ಎಣಿಸುತ್ತಿರಲಿಲ್ಲವಂತೆ, ಮುಪ್ಪಿನ ಹೊತ್ತಿಗೆ ಅದರ ಬೆಲೆ ನಿಜವಾದ ಜೇಡಿನದನ್ನು ಎಷ್ಟೋ ಮೀರಿತ್ತಂತೆ. ಒಂದೇ ಆಯುಸ್ಸಿನೊಳಗೆ ಹೀನವು ಶ್ರೇಷ್ಠವಾಯಿತು. 1860ರಲ್ಲಿ ಆಂಗ್ಲ-ಫ್ರೆಂಚ್ ಸೇನೆಗಳು ಪೀಕಿಂಗಿನ ಬಳಿಯ ಬೇಸಗೆಯ ಅರಮನೆಯನ್ನು ಸೂರೆಮಾಡಿದುವು. ಚಕ್ರವರ್ತಿಗಳ ನಿಧಿಯು ದಂಡಿನವರ ಹರಾಜಿನ ಸರಕಾಯಿತು.

ಈಚಿನ ಕಾಲದಲ್ಲಿ ಅಲೆಯು ಮತ್ತೆ ಮೇಲೆದ್ದಿತು. ಚಿಯೆನ್-ಲುಂಗ್ ಚಕ್ರವರ್ತಿಯ ಬಿಳಿಯ ಜೇಡಿನ ಮುದ್ರೆಯೊಂದು 2007ರಲ್ಲಿ ಸುಮಾರು 4 ಕೋಟಿ 62 ಲಕ್ಷ ಹಾಂಗ್‌ಕಾಂಗ್ ಡಾಲರುಗಳಿಗೆ ಮಾರಾಟವಾಗಿ, 2010ರಲ್ಲಿ 9 ಕೋಟಿ 58 ಲಕ್ಷಕ್ಕೇರಿತು. ಇನ್ನೂ ವಿಚಿತ್ರವಾದುದು 2016ರಲ್ಲಿ ಪ್ಯಾರಿಸಿನಲ್ಲಿ ನಡೆದ ಹರಾಜು. ಅದೇ ಚಕ್ರವರ್ತಿಯ ಇನ್ನೊಂದು ಮುದ್ರೆಗೆ ಹತ್ತು ಲಕ್ಷ ಯೂರೊ ಬಂದರೆ ಹೆಚ್ಚೆಂದು ಅಂದಾಜಿತ್ತು. ಬಂದುದು 2 ಕೋಟಿ 10 ಲಕ್ಷ. ಆ ಮುದ್ರೆ ಜೇಡಿನದೇ ಅಲ್ಲ, ಬಳಪದ ಕಲ್ಲಿನದು. ಬೇಲೂರು ಹಳೇಬೀಡುಗಳ ಶಿಲ್ಪಿಗಳ ಉಳಿಗೆ ಒಲಿದ ಕಲ್ಲಿನ ಜಾತಿಯದು. ತ್ಸು-ಕುಂಗನು ಇದ್ದಿದ್ದರೆ ತನ್ನ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಿದ್ದನು!

ಹಾಗಾದರೆ ಬೆಲೆಯೆಂಬುದು ಬರಿಯ ಭ್ರಾಂತಿಯೆ? ಹಾಗೆನ್ನುವುದು ಅವಸರದ ಮಾತು. ಬೆಲೆಯುಳ್ಳುದನ್ನು ಲೋಕವು ಜೋಪಾನಮಾಡುವುದು. ಬೆಲೆ ತಗ್ಗಿದುದು ಮೂಲೆಗೆ ಬಿದ್ದು ಒಡೆಯುವುದು. ಆದರೆ ಹೆಚ್ಚಿದ ಬೆಲೆಯೇ ನಕಲಿಯನ್ನೂ ಕಳವನ್ನೂ ಬೆಳೆಸುವುದು. ಬೆಲೆಯು ವಸ್ತುವನ್ನು ಕುರಿತು ಹೇಳುವುದು ಸ್ವಲ್ಪ. ಬೆಲೆಗಟ್ಟುವವನ ಕಾಲ, ಅಭಿಮಾನ, ಐಶ್ವರ್ಯಗಳನ್ನು ಕುರಿತು ಹೇಳುವುದೇ ಹೆಚ್ಚು. ಅದನ್ನು ಯೋಗ್ಯತೆಯೆಂದು ಬಗೆಯುವಲ್ಲಿ ಅನರ್ಥವು ಮೊದಲಾಗುವುದು. ಮನುಷ್ಯರನ್ನು ಅಳೆಯುವಾಗಲಂತೂ ಆ ಅನರ್ಥಕ್ಕೆ ಪರಿಹಾರವೇ ಇಲ್ಲ.

ಪಿಯೆನ್-ಹೋ ಅತ್ತುದು ಪಾದಗಳಿಗಾಗಿ ಅಲ್ಲವಂತೆ; ರತ್ನವನ್ನು ಕಲ್ಲೆಂದೂ ಸತ್ಯವಂತನನ್ನು ವಂಚಕನೆಂದೂ ಕರೆದರಲ್ಲಾ ಎಂದು. ಕಲ್ಲು ಮೂರು ಅರಸರ ಕಾಲದವರೆಗೆ ಕಾಯಬಲ್ಲುದು. ಉಜ್ಜಿದ ದಿನ ಅದಕ್ಕೆ ನ್ಯಾಯ ದೊರೆಯುವುದು. ಅವನ ಪಾದಗಳು ಮಾತ್ರ ಮರಳಿ ಬರಲಿಲ್ಲ.