ಹೂವಿಗೆ ಹೊದಿಕೆ

ಮಾರ್ಗಶಿರ ಮಾಸವು ಕಾಲಿಡುತ್ತಲೇ ನೀಲಗಿರಿಯ ಮೇಲ್ನಾಡಿನಲ್ಲಿ ಹೂವು ಬೆಳೆಸುವವರ ದೃಷ್ಟಿಯು ನೆಲವನ್ನು ಬಿಟ್ಟು ಆಕಾಶಕ್ಕೆ ಏರುವುದು. ಮೋಡ ಕವಿದಿದ್ದರೆ ಅವರಿಗೆ ನೆಮ್ಮದಿ. ನಿರ್ಮಲವಾದ ಆಕಾಶದಲ್ಲಿ ನಕ್ಷತ್ರಗಳು ಹೊಳೆಯತೊಡಗಿದರೆ ಕಳವಳ. ಬಯಲುಸೀಮೆಯವರಿಗೆ ಇದು ವಿಪರೀತವೆಂದು ತೋರಬಹುದು. ಆದರೆ ಸಮುದ್ರಮಟ್ಟಕ್ಕಿಂತ ಸುಮಾರು 7,300 ಅಡಿ ಎತ್ತರದಲ್ಲಿರುವ ಉದಕಮಂಡಲದ ಸುತ್ತಿನ ಹಳ್ಳಿಗಳಲ್ಲಿ ಬಾಳಿದವರು ಇದನ್ನು ಚೆನ್ನಾಗಿ ಬಲ್ಲರು. ಹಗಲೆಲ್ಲ ಬಿಸಿಲನ್ನುಂಡ ಭೂಮಿಯು ಇರುಳಿನಲ್ಲಿ ಆ ಕಾವನ್ನು ಮೇಲಕ್ಕೆ ಬಿಟ್ಟುಕೊಡುವುದು. ಮೋಡವಿದ್ದರೆ ಅದು ಹೊದಿಕೆಯಂತೆ ಆ ಕಾವನ್ನು ತಡೆದು ನಿಲ್ಲಿಸುವುದು. ಮೋಡವೂ ಇಲ್ಲದೆ, ಗಾಳಿಯೂ ಬೀಸದೆ ಇದ್ದರೆ ಭೂಮಿಯು ಬರಿಮೈಯಲ್ಲಿ ಮಲಗಿದಂತಾಗಿ, ಬೆಳಗಿನ ಜಾವಕ್ಕೆ ಎಲೆಯ ಮೇಲಿನ ಇಬ್ಬನಿಯು ಉಪ್ಪಿನ ಹರಳಿನಂತೆ ಹೆಪ್ಪುಗಟ್ಟುವುದು. ತಣ್ಣನೆಯ ಗಾಳಿಯು ಭಾರವುಳ್ಳದ್ದಾದುದರಿಂದ ನೀರಿನಂತೆಯೇ ಇಳಿಜಾರು ಹಿಡಿದು ತಗ್ಗಿನಲ್ಲಿ ಮಡುಗಟ್ಟುವುದು. ಆದಕಾರಣ ಒಂದೇ ಊರಿನಲ್ಲಿ ದಿಣ್ಣೆಯ ಮನೆಯ ಹೂವು ನಗುತ್ತಿರುವಾಗ ಹಳ್ಳದ ಮಗ್ಗುಲಿನ ಮನೆಯ ಹೂವು ಕರಿದಾಗಿರುವುದುಂಟು.

ಕರಿದಾಗುವುದೆಂಬುದು ಅಲಂಕಾರದ ಮಾತಲ್ಲ. ಗಿಡದ ಮೈಯೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಒಳಗಿನ ಸೂಕ್ಷ್ಮ ಕೋಶಗಳು ಒಡೆಯುವುವು. ಸೂರ್ಯೋದಯವಾಗಿ ಆ ನೀರು ಕರಗಿದ ಮೇಲೆ ಎಲೆಯು ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದು, ಮಧ್ಯಾಹ್ನದೊಳಗಾಗಿ ಕಪ್ಪಿಡುವುದು. ಬೆಂಕಿಯಿಂದ ಬೆಂದುದಕ್ಕೂ ಚಳಿಯಿಂದ ಬೆಂದುದಕ್ಕೂ ನೋಡುವ ಕಣ್ಣಿಗೆ ವ್ಯತ್ಯಾಸವೇ ತಿಳಿಯದು.

ಈ ಮಲೆಯ ಮನೆಯಂಗಳಗಳಲ್ಲಿ ಬೆಳೆಯುವ ಹೂವುಗಳಲ್ಲಿ ಅನೇಕವು ಇಲ್ಲಿಯ ಮಣ್ಣಿನಲ್ಲಿ ಹುಟ್ಟಿದವಲ್ಲ. ಡೇರೆಯು ಮೆಕ್ಸಿಕೋ ದೇಶದ್ದು. ಜಿರೇನಿಯಂ ಎಂದು ಕರೆಯಲ್ಪಡುವುದು ಆಫ್ರಿಕದ ದಕ್ಷಿಣ ತುದಿಯದು. ಜುಮುಕಿಯಂತೆ ತೂಗುವ ಫ್ಯೂಷಿಯಾ ಗಿಡಗಳ ತವರು ಬಹುಮಟ್ಟಿಗೆ ದಕ್ಷಿಣ ಅಮೆರಿಕ. ಉದಕಮಂಡಲದಲ್ಲಿ 1848ರ ಸುಮಾರಿಗೆ ಮೆಕೈವರ್ ಎಂಬ ಸ್ಕಾಟ್ಲೆಂಡಿನ ತೋಟಗಾರಿಕಾ ತಜ್ಞನ ಕೈಯಲ್ಲಿ ಸಸ್ಯೋದ್ಯಾನವು ರೂಪುಗೊಂಡ ತರುವಾಯ ಇಂತಹ ಪರದೇಶದ ಗಿಡಗಳು ಈ ಬೆಟ್ಟದಲ್ಲಿ ಮನೆಮಾತಾದುವು. ಕರ್ಣಕುಂಡಲವೆಂದೂ ಗೌರಿಹೂವೆಂದೂ ಕನ್ನಡಿಗರು ಕರೆಯುವ, ತಮಿಳರು ಕಾಸಿತ್ತುಂಬೈ ಎನ್ನುವ ಗಿಡ ಮಾತ್ರ ಭಾರತದ್ದೇ. ಆದರೂ ಅದರ ಕಾಂಡವು ನೀರು ತುಂಬಿದ ಕೊಳವೆಯಂತೆ ಮೆದುವಾದುದರಿಂದ ಚಳಿಯ ಪೆಟ್ಟನ್ನು ಅದೂ ತಾಳಲಾರದು.

ಇವಕ್ಕೆ ಎದುರಾಗಿ ಗುಡ್ಡದ ಕುರಿಂಜಿಯನ್ನು ನೋಡಬೇಕು. ಯಾರೂ ಅದಕ್ಕೆ ನೀರೆರೆದವರಿಲ್ಲ, ಯಾರೂ ಹೊದಿಕೆ ಹಾಸಿದವರಿಲ್ಲ. 12 ವರ್ಷಗಳ ಕಾಲ ಸುಮ್ಮನಿದ್ದು, 2006ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ಇಳಿಜಾರುಗಳನ್ನೆಲ್ಲ ನೀಲಿಯಾಗಿಸಿತು. ತನ್ನ ಕಾಲನ್ನು ತಾನೇ ಊರಿ ನಿಂತಿರುವ ಇಂತಹ ಹೂವು ಕಣ್ಣೆದುರಿಗಿರುವಾಗ, ಒಂದಿರುಳಿನ ಚಳಿಗೆ ಸಾಯುವ ಹೂವನ್ನು ತಂದು ನೆಟ್ಟು, ಅದಕ್ಕಾಗಿ ನಿದ್ದೆಗೆಡುವುದು ವಿವೇಕವೇ ಎಂದು ಹಿರಿಯರು ಕೇಳುವರು. ಘಮವಿಲ್ಲ, ಔಷಧಿಗೆ ಬಾರದು, ಮೂರು ದಿನಕ್ಕೆ ಉದುರುವುದು. ಇದು ಮೋಹವಲ್ಲದೆ ಮತ್ತೇನು? ಈ ಆಕ್ಷೇಪಣೆಗೆ ಉತ್ತರವು ಕಠಿಣವಲ್ಲ. ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಭಗವಂತನು ಭಕ್ತಿಯಿಂದ ಕೊಟ್ಟ ಪುಷ್ಪವನ್ನು ಸ್ವೀಕರಿಸುವೆನೆಂದನೇ ಹೊರತು ಅದರ ಊರು ಕೇರಿಗಳನ್ನು ವಿಚಾರಿಸಲಿಲ್ಲ. ಇನ್ನು ಬೇಗ ಸಾಯುವುದೆಂಬ ಕಾರಣಕ್ಕೆ ಒಂದನ್ನು ಸಾಕಬಾರದೆಂದರೆ, ಹಸುಗೂಸಿಗೂ ಮುದುಕರಿಗೂ ಆ ನ್ಯಾಯವನ್ನೇ ಹೇಳಬೇಕಾದೀತು. ದುರ್ಬಲವಾದುದನ್ನು ಕಾಯುವುದು ಸಣ್ಣ ಗುಣವಲ್ಲ. ಕಠಿಣವಾದ ಪ್ರಶ್ನೆಯು ಬೇರೆಯೇ ಇದೆ.

ಒಂದು ಊರಿನಲ್ಲಿ ಒಬ್ಬ ಗೃಹಸ್ಥನಿದ್ದನು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಆ ಸೀಮೆಯ ವಾಡಿಕೆಯೇ ಹಾಗೆ. ದೇವಸ್ಥಾನದ ಉತ್ಸವಕ್ಕೆಂದು ಆತನು ಅಂಗಳದ ಪಾತಿಗಳಲ್ಲಿ ಡೇರೆಯನ್ನೂ, ಗೋಡೆಯ ಮಗ್ಗುಲಲ್ಲಿ ಜಿರೇನಿಯಂ, ಫ್ಯೂಷಿಯಾಗಳನ್ನೂ ಬೆಳೆಸಿದ್ದನು. ಕೆಲಸವನ್ನು ಬಲ್ಲವನು. ಚಳಿಯ ಸೂಚನೆಯಿದ್ದ ದಿನ ಮಧ್ಯಾಹ್ನವೇ ಪಾತಿಗೆ ನೀರು ಬಿಡುವನು. ಏಕೆಂದರೆ ಒಣಮಣ್ಣಿಗಿಂತ ತೇವದ ಮಣ್ಣು ಹಗಲಿನ ಕಾವನ್ನು ಹೆಚ್ಚಾಗಿ ಹಿಡಿದಿಟ್ಟುಕೊಳ್ಳುವುದು. ಸಂಜೆ ನಾಲ್ಕು ಗೂಟಗಳನ್ನು ನೆಟ್ಟು, ಎಲೆಗೆ ತಗಲದಂತೆ ಮೇಲೆ ಗೋಣಿತಾಟನ್ನು ಹರಡಿ, ನೆಲಕ್ಕೆ ಮುಟ್ಟುವಂತೆ ಇಳಿಬಿಡುವನು. ಎಲೆಗೆ ತಗಲಿದ ಬಟ್ಟೆಯು ಒದ್ದೆಯಾಗಿ ಹೆಪ್ಪುಗಟ್ಟಿದರೆ ಕಾಯುವ ಬಟ್ಟೆಯೇ ಕೊಲ್ಲುವುದು. ಕುಂಡಗಳನ್ನು ಮೂಡಣ ಗೋಡೆಗೆ ಇಡನು. ಬೆಳಗಿನ ಬಿಸಿಲು ಥಟ್ಟನೆ ಬಿದ್ದು ಹೆಪ್ಪು ಒಮ್ಮೆಲೇ ಕರಗಿದರೆ ಹಾನಿ ಹೆಚ್ಚು. ಪಡುವಣ ಗೋಡೆಗೆ ಒರಗಿಸಿದರೆ ಸಂಜೆಯ ಬಿಸಿಲಿನ ಕಾವು ಕಲ್ಲಿನಲ್ಲಿ ಉಳಿದು ಇರುಳಿಗೆ ಒದಗುವುದು. ಇವೆಲ್ಲವನ್ನೂ ಆತನು ಪುಸ್ತಕದಿಂದ ಕಲಿತವನಲ್ಲ, ಸತ್ತ ಗಿಡಗಳಿಂದ ಕಲಿತವನು.

ಒಂದು ಇರುಳು ಆಕಾಶವು ಹೆದರಿಕೆಯಾಗುವಷ್ಟು ತಿಳಿಯಾಗಿತ್ತು. ಗೋಣಿಗಳು ಸಾಲದೆ ಬರಲು ಮನೆಯೊಳಗಿನ ಹಳೆಯ ಕಂಬಳಿಗಳೆರಡನ್ನು ತಂದು ಹೊದೆಸಿದನು. ಕ್ಯಾರೆಟ್ ಕೀಳುವ ಕೆಲಸಕ್ಕೆ ಬಯಲಿನಿಂದ ಬಂದು, ಅವನ ಕೊಟ್ಟಿಗೆಯ ಮಗ್ಗುಲಲ್ಲಿ ತಂಗಿದ್ದ ಕೂಲಿಯಾಳೊಬ್ಬನು ಲಾಂದ್ರವನ್ನು ಹಿಡಿದು ನಿಂತು, ಗೂಟಗಳಿಗೆ ಹುರಿ ಕಟ್ಟಲು ನೆರವಾದನು. ಮರುದಿನ ಬೆಳಗ್ಗೆ ಹೂವುಗಳು ಕ್ಷೇಮವಾಗಿದ್ದುವು. ಗೃಹಸ್ಥನು ಸಂತೋಷದಿಂದ ಒಳಗೆ ಬಂದು ಹೇಳಿದಾಗ ಆತನ ಹೆಂಡತಿಯು ಒಲೆಯ ಮುಂದಿನಿಂದ ತಲೆಯೆತ್ತದೆ, “ಹೂವುಗಳ ವಿಚಾರ ತಿಳಿಯಿತು. ಲಾಂದ್ರ ಹಿಡಿದವನು ರಾತ್ರಿ ಏನು ಹೊದ್ದುಕೊಂಡಿದ್ದನೆಂದು ಕೇಳಿದಿರಾ?” ಎಂದಳು.

ಕೇಳಿರಲಿಲ್ಲ. ಆ ಆಳಿನ ಬಳಿ ಇದ್ದುದು ಒಂದು ಪಂಚೆ, ಒಂದು ತೆಳ್ಳನೆಯ ದುಪ್ಪಟಿ. ಆತನು ಹಸುವಿನ ಮೈಗೆ ಬೆನ್ನು ಕೊಟ್ಟು ಬೆಳಗುಮಾಡಿದ್ದನು.

ತಮಿಳು ನಾಡಿನ ಮಕ್ಕಳಿಗೆಲ್ಲ ಇಬ್ಬರು ದಾನಶೂರರ ಕಥೆ ಗೊತ್ತಿದೆ. ಪರಂಬುಮಲೆಯ ಪಾರಿಯು, ಹಬ್ಬಲು ಆಸರೆಯಿಲ್ಲದೆ ಗಾಳಿಗೆ ತೊನೆಯುತ್ತಿದ್ದ ಮುಲ್ಲೈ ಬಳ್ಳಿಯನ್ನು ಕಂಡು ತನ್ನ ರಥವನ್ನೇ ಅದಕ್ಕೆ ಬಿಟ್ಟು ಕಾಲ್ನಡೆಯಾಗಿ ಹೋದನು. ಪಳನಿ ಬೆಟ್ಟಗಳ ಸೀಮೆಯ ಪೇಗನು, ನವಿಲು ಚಳಿಯಿಂದ ನಡುಗುತ್ತಿದೆಯೆಂದು ಭಾವಿಸಿ ತಾನು ಹೊದ್ದ ಬೆಲೆಯುಳ್ಳ ಹೊದಿಕೆಯನ್ನು ಅದಕ್ಕೆ ಹೊದೆಸಿದನು. ಕಥೆಯನ್ನು ಇಲ್ಲಿಗೇ ನಿಲ್ಲಿಸುವುದು ವಾಡಿಕೆ. ಆದರೆ ಪುರನಾನೂರು ಎಂಬ ಪ್ರಾಚೀನ ಸಂಕಲನವು ಇಲ್ಲಿಗೆ ನಿಲ್ಲಿಸುವುದಿಲ್ಲ. ಅದೇ ಪೇಗನು ತನ್ನ ಹೆಂಡತಿ ಕಣ್ಣಗಿಯನ್ನು ತೊರೆದು ದೂರವಿದ್ದನು. (ಶಿಲಪ್ಪದಿಕಾರದ ಕಣ್ಣಗಿ ಬೇರೆ, ಈಕೆ ಬೇರೆ.) ಕಪಿಲರ್, ಪರಣರ್ ಮೊದಲಾದ ಹಲವು ಮಂದಿ ಕವಿಗಳು ಅವನ ಬಳಿಗೆ ಹೋದರು. ಕವಿಗಳು ಅರಸರ ಬಾಗಿಲಿಗೆ ಹೋಗುವುದು ಬಹುಮಾನಕ್ಕಾಗಿ. ಇವರಾದರೋ ಬಹುಮಾನವನ್ನು ಕೇಳದೆ, ರಥವನ್ನೇರಿ ಹೋಗಿ ಅಳುತ್ತಿರುವ ಆ ಹೆಣ್ಣಿನ ದುಃಖವನ್ನು ಕಳೆಯಬೇಕೆಂದು ಬೇಡಿದರು. ನವಿಲಿನ ಚಳಿಯನ್ನು ಊಹಿಸಬಲ್ಲವನಿಗೆ ಮನೆಯಾಕೆಯ ಕಣ್ಣೀರು ಕಾಣದೆ ಹೋಯಿತು. ನವಿಲಿಗಾದರೂ ದೇವರು ಕೊಟ್ಟ ಗರಿಗಳಿದ್ದುವು!

ಪೇಗನಲ್ಲಿ ಕರುಣೆಯಿರಲಿಲ್ಲವೆಂದು ಹೇಳುವಂತಿಲ್ಲ. ಇದ್ದ ಕರುಣೆಯು ಎತ್ತ ಹರಿಯಿತೆಂಬುದೇ ಪ್ರಶ್ನೆ. ಮೂಕವಾದುದರ ಮೇಲಿನ ಕರುಣೆಯಲ್ಲಿ ಒಂದು ಸುಖವಿದೆ. ಹೂವು ಎದುರು ಮಾತನಾಡದು, ಕಳೆದ ವಾರದ ಕೂಲಿ ಬಾಕಿಯನ್ನು ಜ್ಞಾಪಿಸದು, ಕೊಟ್ಟುದು ಸಾಲದೆಂದು ಮುಖ ಸಿಂಡರಿಸದು. ಕಾಪಾಡಿದವನಿಗೆ ಬೆಳಗ್ಗೆ ಬಣ್ಣವನ್ನು ತೋರಿಸಿ ಹೊಗಳಿದಂತೆ ನಿಲ್ಲುವುದು. ಮನುಷ್ಯನ ಕಷ್ಟಕ್ಕೆ ಕೈಹಾಕಿದರೆ ಇಷ್ಟು ಸುಲಭವಾಗಿ ಲೆಕ್ಕ ಮುಗಿಯದು. ಮೇಲಾಗಿ ಗಿಡವು ತನ್ನ ನೋವನ್ನು ಎಲೆಯಲ್ಲಿ ತೋರಿಸುವುದು, ಮನುಷ್ಯನಾದರೋ ಬಚ್ಚಿಡುವನು. ಕೊಟ್ಟಿಗೆಯಲ್ಲಿ ಮಲಗಿದವನು ಏಕೆ ಕೇಳಲಿಲ್ಲ? ಕೇಳಿದರೆ ನಾಳೆಯ ಕೆಲಸ ತಪ್ಪೀತೆಂಬ ಅಳುಕು ಒಂದು. ಕಂಬಳಿಗಳು ಹೂವಿಗೆ ಹೋಗುವುದನ್ನು ಕಣ್ಣಾರೆ ಕಂಡ ಮೇಲೆ ಕೇಳುವ ಬಾಯಿ ಹೇಗೆ ಬಂದೀತು ಎಂಬುದು ಇನ್ನೊಂದು.

ದೇವರ ಉತ್ಸವಕ್ಕಾಗಿ ಬೆಳೆಸಿದ ಹೂವಲ್ಲವೇ, ಅದರ ಹಕ್ಕು ಮೊದಲನೆಯದಲ್ಲವೇ ಎಂದು ವಾದಿಸುವವರಿರುವರು. ಅವರು ತಿರುಮಲೆಯ ಅನಂತಾಳ್ವಾರರ ಐತಿಹ್ಯವನ್ನು ನೆನೆಯಬೇಕು. ರಾಮಾನುಜರ ಅಪ್ಪಣೆಯಂತೆ ವೆಂಕಟೇಶ್ವರನಿಗೆ ಹೂದೋಟವನ್ನು ಮಾಡಲು ಹೊರಟ ಆ ಮಹಾನುಭಾವರು ತೋಟಕ್ಕೆ ಕೆರೆಯನ್ನು ತೋಡುತ್ತಿದ್ದರು. ಅವರ ಗರ್ಭಿಣಿಯಾದ ಪತ್ನಿಯು ಮಣ್ಣನ್ನು ಹೊತ್ತು ಹಾಕುತ್ತಿದ್ದಳು. ಬಾಲಕನೊಬ್ಬನು ಬಂದು ಆಕೆಯ ಬುಟ್ಟಿಯನ್ನು ತಾನು ಹೊರತೊಡಗಿದನು. ಸೇವೆಯಲ್ಲಿ ಪರರಿಗೆ ಪಾಲು ಕೊಡಲೊಲ್ಲದ ಆಳ್ವಾರರು ಸಿಟ್ಟಿನಿಂದ ಹಾರೆಯನ್ನು ಬೀಸಲು ಅದು ಬಾಲಕನ ಗಲ್ಲಕ್ಕೆ ತಗಲಿತು. ಗುಡಿಗೆ ಹೋಗಿ ನೋಡಿದರೆ ಸ್ವಾಮಿಯ ಗಲ್ಲದಲ್ಲಿ ರಕ್ತ. ಅಲ್ಲಿ ಇಂದಿಗೂ ಸ್ವಾಮಿಯ ಗಲ್ಲಕ್ಕೆ ಪಚ್ಚಕರ್ಪೂರವನ್ನಿಡುವರು. ಆ ಹಾರೆಯನ್ನು ಮಹಾದ್ವಾರದ ಬಳಿ ತೂಗಹಾಕಿರುವುದನ್ನು ಯಾತ್ರಿಕರು ಕಂಡಿರುವರು. ಈ ಕಥೆಯನ್ನು ಭಕ್ತರು ಆಳ್ವಾರರ ನಿಷ್ಠೆಗೆ ಉದಾಹರಣೆಯಾಗಿ ಹೇಳುವುದುಂಟು, ಅದು ಸರಿಯೇ. ಆದರೆ ಸ್ವಾಮಿಯು ಬಂದುದು ಹೂವಿಗೆ ನೀರೆರೆಯಲಿಕ್ಕಲ್ಲ, ಬಸುರಿಯ ತಲೆಯ ಮೇಲಿನ ಮಣ್ಣಿನ ಬುಟ್ಟಿಯನ್ನು ಇಳಿಸಿಕೊಳ್ಳಲಿಕ್ಕೆ. ತನ್ನ ತೋಟದ ಕೆಲಸವೇ ನಡೆಯುತ್ತಿದ್ದರೂ ಅವನು ಮೊದಲು ಕಂಡುದು ಆಕೆಯನ್ನು.

ಹಾಗಾದರೆ ಜಗತ್ತಿನಲ್ಲಿ ಚಳಿಯಿಂದ ನಡುಗುವವನೊಬ್ಬನಿರುವ ತನಕ ಹೂವನ್ನು ಬೆಳೆಸಬಾರದೆಂದು ತೀರ್ಮಾನವೇ? ಹೀಗೆಂದರೆ ಹೂವೂ ಉಳಿಯದು, ನಡುಗುವವನಿಗೆ ಕಂಬಳಿಯೂ ದೊರೆಯದು. ಅಂಗಳದಲ್ಲಿ ಹೂವಿಲ್ಲದ ಮನೆಗಳವರೆಲ್ಲ ಕೊಟ್ಟಿಗೆಯಲ್ಲಿ ಮಲಗಿದವನನ್ನು ವಿಚಾರಿಸುತ್ತಿರುವರೆಂದು ಯಾರೂ ಪ್ರಮಾಣ ಮಾಡಲಾರರು. ಕರುಣೆಯೆಂಬುದು ಇಷ್ಟೇ ಎಂದು ಅಳೆದು ಇಟ್ಟ ಗಂಟಲ್ಲ. ಹೂವಿಗೆ ಕೊಟ್ಟರೆ ಮನುಷ್ಯನಿಗೆ ಕಡಿಮೆಯಾಗುವುದೆಂದು ಹೇಳುವಂತಿಲ್ಲ. ಆದರೆ ಕಂಬಳಿಗಳಿಗೆ ಎಣಿಕೆಯಿದೆ. ಕರುಣೆಯ ಬಾಬಿನಲ್ಲಿ ಉದಾರವಾಗಿ ಮಾತನಾಡುವವರು ಕಂಬಳಿಯ ಬಾಬಿನಲ್ಲಿ ಜಮಾ ಎಷ್ಟು, ಖರ್ಚು ಎಷ್ಟು, ಯಾರ ಹೆಸರಿಗೆ ಎಂಬುದನ್ನು ಬರೆದು ನೋಡಿಕೊಂಡರೆ ಅವರಿಗೇ ಆಶ್ಚರ್ಯವಾದೀತು. ಗೃಹಸ್ಥನ ತಪ್ಪು ಹೂವಿಗೆ ಹೊದೆಸಿದುದರಲ್ಲಿ ಇರಲಿಲ್ಲ. ಲಾಂದ್ರದ ಬೆಳಕನ್ನು ಹಿಡಿದವನ ಮುಖವನ್ನು ಆ ಬೆಳಕಿನಲ್ಲಿಯೇ ನೋಡದೆ ಇದ್ದುದರಲ್ಲಿತ್ತು.

ಹೂವನ್ನು ಬಲ್ಲವನು ಇನ್ನೊಂದನ್ನೂ ಬಲ್ಲನು. ಎಲ್ಲ ಗಿಡಕ್ಕೂ ಹೊದಿಕೆ ಅಗತ್ಯವಿಲ್ಲ. ಜಿರೇನಿಯಂ ಕುಂಡಗಳನ್ನು ಜಗಲಿಯೊಳಕ್ಕೆ ಎತ್ತಿಡಬಹುದು. ಡೇರೆಯ ಸೊಪ್ಪು ಕರಿದಾದರೂ ಮಣ್ಣಿನೊಳಗೆ ಗೆಡ್ಡೆಯು ಜೀವದಿಂದಿರುವುದು. ಗಿಡವನ್ನು ಗೇಣುದ್ದಕ್ಕೆ ಕತ್ತರಿಸಿ, ಗೆಡ್ಡೆಯನ್ನು ಅಗೆದು, ಒಣಮರಳಿನಲ್ಲಿ ಹೂತಿಟ್ಟರೆ ಚಳಿ ಕಳೆದ ಮೇಲೆ ತಾನೇ ಮೊಳೆಯುವುದು. ಡೇರೆಗೆ ಕಂಬಳಿ ಹೊದೆಸಿದುದು ಗಿಡದ ಪ್ರಾಣಕ್ಕಾಗಿ ಅಲ್ಲ, ಇನ್ನೊಂದು ವಾರ ಅದರ ಬಣ್ಣವನ್ನು ಕಾಣಬೇಕೆಂಬ ಆಸೆಗಾಗಿ. ಆ ಆಸೆಯು ಪಾಪವಲ್ಲ. ಆದರೆ ಅದರ ಹೆಸರು ಏನೆಂಬುದನ್ನು ಸಾಕುವವನು ಅರಿತಿರಬೇಕು.

ಅಂದಿನ ಸಂಜೆ ಗೃಹಸ್ಥನು ಅಂಗಳದಲ್ಲಿ ನಿಂತು ಎಣಿಸಿದನು: ಗೋಣಿ ಆರು, ಕಂಬಳಿ ಎರಡು. ಕಂಬಳಿಗಳನ್ನು ಒಲೆಯ ಬಳಿ ಹರವಿ, ತೇವವನ್ನು ಆರಿಸಿ ಕೊಟ್ಟಿಗೆಗೆ ಕೊಂಡೊಯ್ದನು. ಆಳು ಮೊದಲು ಬೇಡವೆಂದನು; ಆಮೇಲೆ, “ಹೂವಿಗೆ, ಅಯ್ಯಾ?” ಎಂದು ಕೇಳಿದನು. ಗೃಹಸ್ಥನಿಗೆ ಒಡನೆ ಉತ್ತರವು ತೋರಲಿಲ್ಲ. ಗೋಣಿಗಳು ಗೋಡೆಯ ಮಗ್ಗುಲಿನ ಫ್ಯೂಷಿಯಾಗಳಿಗೆ ಸರಿಹೋದುವು. ಡೇರೆಯ ಪಾತಿ ತೆರೆದೇ ಉಳಿಯಿತು. ಬೆಳಗಿನಲ್ಲಿ ಅದರ ಮೇಲೆಲ್ಲ ಬಿಳಿಯ ಹರಳು, ಹೊತ್ತೇರುವಷ್ಟರಲ್ಲಿ ಕಪ್ಪು. ಆ ವರ್ಷದ ಉತ್ಸವಕ್ಕೆ ಆತನ ಮನೆಯಿಂದ ಹೋದುದು ಒಂದು ಬುಟ್ಟಿ ಜಿರೇನಿಯಂ ಮಾತ್ರ. ಹೆಂಡತಿಯು ಅದನ್ನು ಕುರಿತು ಏನನ್ನೂ ಹೇಳಲಿಲ್ಲ.

ನಾಲ್ಕು ದಿನಗಳ ಮೇಲೆ ಇಬ್ಬರೂ ಸೇರಿ ಗೆಡ್ಡೆಗಳನ್ನು ಅಗೆದು ಮರಳಿಗೆ ಹಾಕಿದರು. ಕೆಲಸ ತೀರಿ ಊರಿಗೆ ಹೊರಟಾಗ ಆಳು ತನಗೂ ಒಂದು ಗೆಡ್ಡೆ ಬೇಕೆಂದನು. ಬಯಲಿನ ಸೆಕೆಗೆ ಇದು ಬಾಳದೆಂದು ಗೃಹಸ್ಥನು ತಿಳಿಹೇಳಿ, ತಗಡಿನ ಡಬ್ಬಿಯಿಂದ ಕರ್ಣಕುಂಡಲದ ಬೀಜಗಳನ್ನು ಕಾಗದದಲ್ಲಿ ಕಟ್ಟಿಕೊಟ್ಟನು. ಆಳು ಪೊಟ್ಟಣವನ್ನು ಬಿಚ್ಚಿ ನೋಡಿ, “ಓ, ಕಾಸಿತ್ತುಂಬೈ! ನಮ್ಮ ಅಮ್ಮ ಬಾವಿಯ ಕಟ್ಟೆಯ ಹತ್ತಿರ ಹಾಕುತ್ತಿದ್ದಳು,” ಎಂದು ನಕ್ಕು, ಅದನ್ನು ಪಂಚೆಯ ಸೆರಗಿನಲ್ಲಿ ಗಂಟುಹಾಕಿಕೊಂಡು ಇಳಿಜಾರಿನ ದಾರಿಯನ್ನು ಹಿಡಿದನು.