ಉಪಕಾರಕ್ಕೆ ಲೆಕ್ಕವುಂಟೆ?

ಮನೆಯ ಮಾಡಿನಡಿ ಕಾಗದದಂಥ ಗೂಡು ಕಟ್ಟುವ ಕಣಜದ ಹುಳಗಳನ್ನು ನಾವು ಹೊಗೆ ಹಾಕಿ ಓಡಿಸುತ್ತೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಇಂಥದೇ ಕಣಜದ ಬಾಳನ್ನು ದಶಕಗಳ ಕಾಲ ಅಭ್ಯಸಿಸಿದರು. ಇದರ ಗೂಡಿನಲ್ಲಿ ಮೊಟ್ಟೆಯಿಡುವುದು ರಾಣಿ ಒಂದೇ. ಉಳಿದ ಹೆಣ್ಣುಗಳು ಗೂಡು ಕಟ್ಟಿ, ಆಹಾರ ತಂದು, ರಾಣಿಯ ಮರಿಗಳನ್ನು ಸಾಕುತ್ತವೆ. ಬೇರೆ ಗೂಡು ಕಟ್ಟಿ ತಾವೇ ತಾಯಿಯಾಗಬಲ್ಲವೂ ಅವುಗಳಲ್ಲಿವೆ. ಹಾಗಿದ್ದೂ ಅವು ಪರರಿಗಾಗಿ ದುಡಿಯುವುದೇಕೆ?

ವಿಜ್ಞಾನಿಗಳು ಇದಕ್ಕೆ ಲೆಕ್ಕ ಹಾಕಿದ್ದಾರೆ. ರಕ್ತಸಂಬಂಧಿಗೆ ಆಗುವ ಲಾಭವನ್ನು ಸಂಬಂಧದ ನಿಕಟತೆಗೆ ತಕ್ಕಂತೆ ತೂಗಿದಾಗ ಅದು ನೆರವಿತ್ತವನ ನಷ್ಟವನ್ನು ಮೀರಿದರೆ, ಅಂಥ ಸ್ವಭಾವ ತಲೆಮಾರುಗಳಲ್ಲಿ ಬೆಳೆಯುತ್ತದೆಂದು 1964ರಲ್ಲಿ ಹ್ಯಾಮಿಲ್ಟನ್ ತೋರಿಸಿದರು. ಗದಗಕರ್ ಮತ್ತೊಂದು ಕಾರಣವನ್ನು ಮುಂದಿಟ್ಟರು: ಒಂಟಿ ತಾಯಿ ಸತ್ತರೆ ಮರಿಗಳೂ ಸಾಯುತ್ತವೆ, ಕೂಡುಗೂಡಿನಲ್ಲಾದರೆ ಸತ್ತ ಹುಳ ಅರ್ಧಕ್ಕೆ ಬಿಟ್ಟ ಮರಿಗಳನ್ನು ಉಳಿದವು ಸಾಕುತ್ತವೆ.

ಸಂಬಂಧವೇ ಇಲ್ಲದವರ ನಡುವೆ ಹೇಗೆ? 'ಆಟದ ಸಿದ್ಧಾಂತ' ಎಂಬ ಗಣಿತವು ಇದನ್ನು ಇಬ್ಬರ ಆಟವಾಗಿ ಕಾಣುತ್ತದೆ. ಒಂದೇ ಸುತ್ತಾದರೆ ವಂಚಕನಿಗೇ ಲಾಭ. ಸುತ್ತುಗಳು ಹಲವಾದರೆ? ಅಮೆರಿಕದ ಆಕ್ಸೆಲ್‌ರಾಡ್ 1980ರ ಸುಮಾರಿಗೆ ಅನೇಕರು ಕಳುಹಿಸಿದ ಉಪಾಯಗಳನ್ನು ಗಣಕಯಂತ್ರದಲ್ಲಿ ಆಡಿಸಿದರು. ಮೊದಲ ಪಂದ್ಯಕ್ಕೆ 14, ಎರಡನೆಯದಕ್ಕೆ 62 ಉಪಾಯಗಳು ಬಂದವು. ಎರಡರಲ್ಲೂ ಗೆದ್ದದ್ದು ಅತಿ ಸರಳವಾದದ್ದು: ಮೊದಲು ಸಹಕರಿಸು, ಆಮೇಲೆ ಎದುರಿನವನು ಮಾಡಿದಂತೆಯೇ ಮಾಡು. 1981ರಲ್ಲಿ ಹ್ಯಾಮಿಲ್ಟನ್ ಜೊತೆ ಸೇರಿ ಅವರು ಇದನ್ನು ಜೀವವಿಕಾಸಕ್ಕೆ ಅನ್ವಯಿಸಿದರು.

ಹಾಗಾದರೆ ಪ್ರೀತಿಯೂ ಸ್ವಾರ್ಥದ ವೇಷವೇ ಎಂದು ಕೇಳುವವರಿದ್ದಾರೆ. ವಿಶ್ವಾಸಿಯು ಈ ಲೆಕ್ಕಕ್ಕೆ ಅಂಜಬೇಕಾಗಿಲ್ಲ. ವಿಕಾಸವಾದವು ಬರಿಯ ಊಹೆಗಿಂತ ಮಿಗಿಲಾದುದೆಂದು ಪೋಪ್ ಎರಡನೇ ಜಾನ್ ಪಾಲ್ 1996ರಲ್ಲೇ ಮನ್ನಿಸಿದ್ದರು. ಆದರೆ ಒಂದು ಗುಣ ಎಲ್ಲಿಂದ ಬಂತು ಎಂಬುದು ಒಂದು ಪ್ರಶ್ನೆ; ಅದರಿಂದ ನಾನಿಂದು ಏನು ಮಾಡಬೇಕು ಎಂಬುದು ಇನ್ನೊಂದು. ಎರಡನೆಯ ಪ್ರಶ್ನೆ ಹುಳಕ್ಕಿಲ್ಲ, ನಮಗಿದೆ.

ಪ್ರಭು ಯೇಸು ಹೇಳಿದ ಸಮಾರಿಯದವನ ಕಥೆಯನ್ನು ಈ ಲೆಕ್ಕಗಳ ಎದುರಿಟ್ಟು ನೋಡಿ. ದಾರಿಯಲ್ಲಿ ಬಿದ್ದವನು ಅವನ ನೆಂಟನಲ್ಲ. ಮತ್ತೆ ಸಿಕ್ಕಿ ಉಪಕಾರ ತೀರಿಸುವನೆಂಬ ಭರವಸೆಯೂ ಇರಲಿಲ್ಲ. ಎರಡು ಲೆಕ್ಕಗಳೂ ನಿಲ್ಲುವಲ್ಲಿ ಅವನು ಕತ್ತೆಯಿಂದ ಇಳಿದನು.

ನಮ್ಮ ಮನೆಗಳಿಗೆ ಬರೋಣ. ಮಕ್ಕಳು ಗಲ್ಫಿನಲ್ಲಿ, ಮುಂಬಯಿಯಲ್ಲಿ. ಹಾಸಿಗೆ ಹಿಡಿದ ತಾಯಿಗೆ ಮಕ್ಕಳ ಹೆಸರೂ ನೆನಪಿಲ್ಲ; ಮರಳಿ ಕೊಡಲು ಆಕೆಯ ಬಳಿ ಏನೂ ಉಳಿದಿಲ್ಲ. "ಆಸ್ತಿ ಯಾರಿಗೆ ಬರೆದಿದ್ದಾರೋ ಅವರೇ ನೋಡಿಕೊಳ್ಳಲಿ" ಎಂಬ ಮಾತು ಏಳುತ್ತದೆ. ಲೆಕ್ಕದ ಪ್ರಕಾರ ಅದು ಸರಿಯೇ ಇರಬಹುದು. ಇಂದು ಸಂಜೆ ಆ ತಾಯಿಗೆ ಗಂಜಿ ಕುಡಿಸುವವರು ಯಾರು ಎಂಬುದಕ್ಕೆ ಮಾತ್ರ ಅದರಲ್ಲಿ ಉತ್ತರವಿಲ್ಲ.